ಖಾದರ್ ಭಾಯಿಯ ಡೌಟು

ಲಿಫ್ಟ್ ರಿಪೇರಿ ಮಾಡುವವನಿಗೆ ಲಿಫ್ಟ್ ಸಿಗುವುದಿಲ್ಲ. ಅದು ಕೆಟ್ಟಿದೆ ಎಂದೇ ತಾನೆ ಅವನನ್ನು ಕರೆಯುವುದು. ಮೆಟ್ಟಿಲು ಹತ್ತಿ ತಾರಸಿಯ ಮೋಟರ್ ಕೋಣೆ ಸೇರಬೇಕು. ಶಿವಾಜಿನಗರದ ಖಾದರ್ ಭಾಯಿ ಇಪ್ಪತ್ತಾರು ವರ್ಷ ಹಾಗೆ ಹತ್ತಿ ಹತ್ತಿ ಬಲಗಾಲಿನ ಮಂಡಿ ಸವೆಸಿಕೊಂಡಿದ್ದರು.

ಇಂದಿರಾನಗರದ ನಮ್ಮ ಕಂಪನಿಯಲ್ಲಿ ನಾನು ಅವರ ಜೋಡಿ. ಟಾರ್ಚ್ ಹಿಡಿಯುವುದು, ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆಯುವುದು, ಇವೆರಡೇ ನನ್ನ ಕೆಲಸ. ಟಾರ್ಚನ್ನೂ ನೆಟ್ಟಗೆ ಹಿಡಿಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಭಾಯಿಯ ತಂದೆ ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದವರು. ಸದ್ದು ಕೇಳಿ ರೋಗ ಹೇಳುವ ಕಿವಿ ಅಲ್ಲಿಂದ ಬಂದದ್ದು. ಮನೆಯಲ್ಲಿ ದಖನಿ ಉರ್ದು, ಹಲಸೂರಿನ ವಾಚ್‌ಮನ್‌ಗಳ ಹತ್ತಿರ ತಮಿಳು, ಮೇಸ್ತ್ರಿಗಳ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ. ಇಂಗ್ಲಿಷಿನಲ್ಲಿ ಮಾತ್ರ ಬಿಡಿ ಪದಗಳು. ಅವುಗಳಲ್ಲಿ ದೊಡ್ಡದು 'ಡೌಟು'. ಗೋಡೆಗೆ ಅಂಗೈ ಒತ್ತಿ, "ಬ್ರೇಕ್ ಮೇಲೆ ಡೌಟು ಮಗಾ" ಅಂದರೆಂದರೆ ಆ ಬ್ರೇಕು ಹೆಚ್ಚು ದಿನ ಬಾಳುತ್ತಿರಲಿಲ್ಲ.

೨೦೦೩ರಲ್ಲಿ ಸೂಪರ್‌ವೈಸರ್ ಹುದ್ದೆ ಖಾಲಿಯಾಯಿತು. ಕುರ್ಚಿಯ ಕೆಲಸ. "ಇದು ಸಿಕ್ಕಿದ್ರೆ ಮಂಡಿಗೆ ರಿಟೈರ್ಮೆಂಟ್ ಮಗಾ, ನಾನು ದುಡೀತೀನಿ," ಎಂದು ಭಾಯಿ ನಕ್ಕರು. ಸುಮ್ಮನೆ ಅಭ್ಯಾಸಕ್ಕಿರಲಿ ಎಂದು ನಾನೂ ಅರ್ಜಿ ಹಾಕಿದೆ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮುಂಬೈಯಿಂದ ಬಂದ ಹೊಸ ಮ್ಯಾನೇಜರ್ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ದೊಮ್ಮಲೂರಿನ ಕಟ್ಟಡದ ಲಿಫ್ಟ್ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಭಾಯಿ ಎದೆ ಸೆಟೆಸಿ, "ಐ ಹ್ಯಾವ್ ಡೌಟ್ ಇನ್ ಬ್ರೇಕ್, ಸಾರ್" ಎಂದರು.

ಮ್ಯಾನೇಜರ್ ನಕ್ಕರು. ಅವರ ಪಾಲಿಗೆ ಡೌಟ್ ಅಂದರೆ ಪಾಠ ಅರ್ಥವಾಗದ ಹುಡುಗ ಕೈಯೆತ್ತಿ ಕೇಳುವಂಥದ್ದು. ಬ್ರೇಕಿನ ಬಗ್ಗೆ ಗೊತ್ತಿಲ್ಲದಿದ್ದರೆ ತರಬೇತಿ ಕೊಡಿಸೋಣ ಎಂದರು. ಭಾಯಿ ನನ್ನ ಕಡೆ ತಿರುಗಿ, "ಸಾರ್‌ಗೆ ಬಿಡಿಸಿ ಹೇಳು ಮಗಾ" ಎಂದರು.

ಬ್ರೇಕು ಕೆಡುತ್ತಿದೆ ಎಂಬ ಶಂಕೆ ಇವರಿಗೆ ಅಂತ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ಮ್ಯಾನೇಜರ್ ಜೊತೆ ನಕ್ಕೆ. ನನ್ನ ಸರದಿ ಬಂದಾಗ, ಹಿಂದಿನ ವಾರ ಭಾಯಿಯೇ ಮೆಟ್ಟಿಲ ಮೇಲೆ ಕೂತು ಹೇಳಿದ್ದನ್ನು, ಬ್ರೇಕಿನ ಪಟ್ಟಿ ಒಂದೇ ಕಡೆ ಸವೆಯುತ್ತಿದೆ ಅನ್ನುವುದನ್ನು, ಸರಸರ ಇಂಗ್ಲಿಷಿನಲ್ಲಿ ಒಪ್ಪಿಸಿದೆ. "ಬ್ರಿಲಿಯಂಟ್!" ಎಂದರು ಮ್ಯಾನೇಜರ್.

ಅವರು ನಮ್ಮನ್ನು ಕಂಡದ್ದೇ ಅವತ್ತು, ಇಂಗ್ಲಿಷನ್ನೇ ಬುದ್ಧಿ ಎಂದುಕೊಂಡರು. ಇಬ್ಬರಲ್ಲಿ ಬುದ್ಧಿವಂತ ಯಾರೆಂದು ನನಗೆ ಗೊತ್ತಿತ್ತಲ್ಲ.

ಕುರ್ಚಿ ನನಗೆ ಬಂತು. ಮೊದಲು ಸಹಿ ಹಾಕಿದ್ದು ಆ ದೊಮ್ಮಲೂರಿನ ಬ್ರೇಕ್ ಬದಲಿಸುವ ಕೆಲಸಕ್ಕೆ. ಭಾಯಿಯನ್ನು ಬಿಟ್ಟರೆ ಅದು ಯಾರಿಗೂ ಬರುತ್ತಿರಲಿಲ್ಲ. ತಡೆಯಲಾರದೆ ನಾನೂ ಹೋದೆ, ಟೂಲ್ ಪೆಟ್ಟಿಗೆ ಹೊತ್ತೆ. ಮೂರನೇ ಮಹಡಿಯಲ್ಲಿ ಅವರು ಮಂಡಿ ಹಿಡಿದು ಕೂತರು.

"ಭಾಯಿ, ಅವತ್ತು ಸಾರ್‌ಗೆ ನಾನು ಹೇಳ್ಬೇಕಿತ್ತು..."

"ಬಿಡಿ ಸಾರ್," ಎಂದರು. ಮಗಾ ಹೋಗಿ ಸಾರ್ ಆಗಿದ್ದೆ. "ಅಷ್ಟು ಇಂಗ್ಲಿಷ್ ಪಾಪ ನಿಮಗೂ ಬರಲಿಲ್ವೇನೋ ಅಂದ್ಕೊಂಡೆ."

ಬಾಯಿಗೆ ಬಂದಿದ್ದ ನಿಜ ಅಲ್ಲೇ ನಿಂತಿತು. "ಹೌದು ಭಾಯಿ," ಎಂದೆ. "ಬರ್ಲಿಲ್ಲ."

"ಕಲೀತೀರಾ ಬಿಡಿ, ಇನ್ನೂ ವಯಸ್ಸಿದೆ." ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು, ಗೋಡೆ ಹಿಡಿದು, ಮೇಲೆ ಹತ್ತತೊಡಗಿದರು.