ಸುರಪುರದ ಜಗಲಿಯ ಮೇಲಿನ ಬೆಳ್ಳಿ

ಬೆಂಗಳೂರಿನಿಂದ ಸಂಜೆ ಹೊರಟ ರೈಲು ಬೆಳಗ್ಗೆ ಯಾದಗಿರಿ ತಲುಪಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಉಗುರಗಲದ ಒಂದು ಸಿಲಿಕಾನ್ ಚೂರನ್ನು ತರಲು ಸುರಪುರಕ್ಕೆ ಹೊರಟಿದ್ದೆ. ಅಂಚೆಯಲ್ಲಿ ತರಿಸಬಹುದಿತ್ತಲ್ಲ ಎಂದು ಮನೆಯಲ್ಲಿ ಎಲ್ಲರೂ ಕೇಳಿದ್ದರು. ಒಂದು ವರ್ಷ ಅಲುಗದೆ ಕೂತದ್ದನ್ನು ಅಂಚೆಯ ಚೀಲಕ್ಕೆ ಹಾಕಲು ನನಗೆ ಧೈರ್ಯ ಬರಲಿಲ್ಲ.

ನಿಲ್ದಾಣದ ಹೊರಗೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದು ಶಹಾಪುರದ ಬಸ್ಸು ಹತ್ತಿದೆ. ಮಿರ್ಚಿಯ ಖಾರ ಭೀಮಾ ನದಿ ದಾಟುವವರೆಗೂ ನಾಲಿಗೆ ಬಿಡಲಿಲ್ಲ. ಪಕ್ಕದಲ್ಲಿದ್ದ ಶಾಲೆಯ ಟೀಚರು ಎಲ್ಲಿಗೆ, ಯಾಕೆ ಎಂದು ವಿಚಾರಿಸಿಕೊಂಡರು. ಬೆಳ್ಳಿಯನ್ನು ಆವಿ ಮಾಡಿ ಸಿಲಿಕಾನ್ ಹರಳಿನ ಮೇಲೆ ಕೂರಿಸುತ್ತೇವೆ ಎಂದೆ. ಬೆಳ್ಳಿಯ ಕಣಗಳು ಅಲ್ಲಿ ತೆವಳಿ, ಒಂದಕ್ಕೊಂದು ಸೇರಿ, ಹರಳಿನ ಜೋಡಣೆ ಹೇಳಿದಂತೆ ಮೂರು ಮೂಲೆಯ ಪುಟ್ಟ ದಿಬ್ಬಗಳಾಗುತ್ತವೆ. ಕಾಯಿಸಿದರೆ ಮೂಲೆಗಳು ಕರಗಿ ದುಂಡಗಾಗುತ್ತವೆ. ಕಾಯಿಸದೆ ಈ ಸೀಮೆಯ ಬೇಸಿಗೆಯ ಬಿಸಿಯಲ್ಲಿ ಒಂದು ವರ್ಷ ಇಟ್ಟರೂ ದುಂಡಗಾಗುತ್ತವೆಯೇ ಎಂಬುದು ನಮ್ಮ ಪ್ರಶ್ನೆ. ಅವರು ಸ್ವಲ್ಪ ಯೋಚಿಸಿ, ಈ ಬಿಸಿಲಿಗೆ ಯಾರ ಮೂಲೆಯೂ ಉಳಿಯುವುದಿಲ್ಲ ಎಂದು ನಕ್ಕರು.

ಶಹಾಪುರ ಹತ್ತಿರವಾದಂತೆ ಮಲಗಿದ ಬುದ್ಧನ ಬೆಟ್ಟ ಕಂಡಿತು. ಹಣೆ, ಮೂಗು, ಗಲ್ಲ ಎಲ್ಲ ಸ್ಪಷ್ಟ. ಬಸ್ಸು ತಿರುವು ತೆಗೆದುಕೊಂಡದ್ದೇ ಬುದ್ಧ ಹೋಗಿ ಬರೀ ಬಂಡೆಗಳು ಉಳಿದವು. ಅಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಸುರಪುರ ಸೇರಿದೆ.

ಚೂರು ಇದ್ದದ್ದು ಮಹಾದೇವಿಯ ಮನೆಯಲ್ಲಿ, ಒಂದು ಪುಟ್ಟ ಡಬ್ಬಿಯೊಳಗೆ. ಅವಳು ಬೆಂಗಳೂರಿನ ನಮ್ಮ ಪ್ರಯೋಗಾಲಯದಡಿ ಸಂಶೋಧನೆ ಮಾಡುತ್ತಲೇ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳ ಪ್ರಬಂಧದ ಕೊನೆಯ ಅಧ್ಯಾಯ ನಿಂತಿದ್ದೇ ಈ ಚೂರಿನ ಮೇಲೆ. ಇದರ ಜೋಡಿ ಚೂರು ನಮ್ಮ ತಂಪಾದ ಪ್ರಯೋಗಾಲಯದಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವಳಿಗೆ ಈ ವರ್ಷವೇ ಡಾಕ್ಟರೇಟು.

ಅವಳ ತಾಯಿ ಬಸಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಸಾಕೆಂದರೂ ಕೇಳದೆ ಇನ್ನೊಂದು ರೊಟ್ಟಿ ಹಾಕಿದರು. ಊಟವಾದ ಮೇಲೆ ಮಹಾದೇವಿ ಕಪಾಟು ತೆರೆದಳು. ಡಬ್ಬಿ ಅಲ್ಲಿರಲಿಲ್ಲ. ದೇವರ ಕೋಣೆಯ ಜಗಲಿಯ ಮೇಲೆ, ದೀಪದ ಪಕ್ಕದಲ್ಲಿತ್ತು. ಗಾಳಿಯಾಡದಂತೆ ಸುತ್ತಿದ್ದ ಅಂಟುಪಟ್ಟಿ ಕಿತ್ತುಬಂದಿತ್ತು. ಮುಚ್ಚಳ ತೆಗೆದರೆ ಹೊಳೆಯುವ ಚೂರಿನ ನಟ್ಟನಡುವೆ ವಿಭೂತಿ.

ಮಹಾದೇವಿ ತಾಯಿಯ ಕಡೆ ತಿರುಗಿದಳು. ಬಸಮ್ಮನೇ ಹೇಳಿದರು: “ಬೆಳ್ಳಿ ಅದ ಅಂತ ನೀನೇ ಹೇಳಿದ್ದಿ. ಮನಿಗೆ ಬಂದ ಬೆಳ್ಳಿ ಕಪಾಟಿನ್ಯಾಗ ಹಂಗ ಬಿದ್ದಿತ್ತು. ಸೋಮವಾರಕ್ಕೊಮ್ಮೆ ನೀ ಕಾಲೇಜಿಗೆ ಹೋದಾಗ ತೆಗದು ವಿಭೂತಿ ಹಚ್ಚಿ ದೀಪ ಹಚ್ಚೀನಿ. ನಿನ್ನ ಓದು ಮುಗೀಲಿ ಅಂತ.”

ಹೇಗಾದರೂ ಉಳಿಸಬೇಕೆಂಬ ಆಸೆಯಲ್ಲಿ, ದ್ರಾವಣದಲ್ಲಿ ತೊಳೆದು ನೋಡೋಣವೇ ಎಂದು ಮಹಾದೇವಿಯನ್ನು ಕೇಳಿದೆ.

“ಬ್ಯಾಡಕ್ಕಾ,” ಎಂದಳು. “ಮೂಲಿ ದುಂಡಗ ಕಂಡ್ರ ಬಿಸಲಿಗೆ ಆತೋ, ದೀಪಕ್ಕ ಆತೋ, ತೊಳದದ್ದಕ್ಕ ಆತೋ, ಏನಂತ ಬರೀಲಿ?”

ಇನ್ನು ಹೊಸ ಚೂರಿನ ಮೇಲೆ ಬೆಳ್ಳಿ ಕೂರಿಸಬೇಕು, ಇನ್ನೊಂದು ಬೇಸಿಗೆ ಕಾಯಬೇಕು. ಬಸಮ್ಮ ಇಬ್ಬರ ಮುಖವನ್ನೂ ನೋಡಿ, ಏನು ಕೆಟ್ಟಿತೆಂದು ಕೇಳಿದರು. ಮಹಾದೇವಿ ಮುಚ್ಚಿಡದೆ ಹೇಳಿದಳು. ಆ ತಾಯಿ ಸೆರಗಿನಿಂದ ಚೂರನ್ನು ಒರೆಸಲು ಕೈ ಮುಂದೆ ಮಾಡಿ, ಮುಟ್ಟಬಾರದೆಂದು ನೆನಪಾಗಿ ಹಾಗೆಯೇ ಹಿಂದಕ್ಕೆ ತೆಗೆದುಕೊಂಡರು.

ಸಂಜೆಯ ಬಸ್ಸಿಗೆ ಹೊರಟೆ. ಹೊಸ ಚೂರು ಮಾಡಿ ನಾನೇ ತರುತ್ತೇನೆ, ಈ ಸಲ ಕಾಲೇಜಿನ ಬೀರುವಿನಲ್ಲಿಟ್ಟು ಬೀಗ ಹಾಕೋಣ ಎಂದೆ. ಬಸಮ್ಮ ತಲೆ ತಗ್ಗಿಸಿದರು.

ಮಹಾದೇವಿ ಅವರ ಕಡೆ ನೋಡಿದಳು. “ಇಲ್ಲಕ್ಕಾ, ಮನ್ಯಾಗೇ ಇರ್ಲಿ. ಅವ್ವನೇ ನೋಡಕೋತಾಳ. ಅವ್ವಾ, ಮುಚ್ಚಳ ಮಾತ್ರ ತೆಗೀಬ್ಯಾಡ.”

“ತೆಗಿಯಂಗಿಲ್ಲ,” ಎಂದರು ಬಸಮ್ಮ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು: “ದೂರ ನಿಂತು ಕೈ ಮುಗದ್ರ ಏನೂ ಆಗಂಗಿಲ್ಲಲ್ಲ, ಯವ್ವಾ?”