ವರ್ನಾ ಕುಬೇನಾಳ ಕೊಟ್ಟಿಗೆ

ಡೆವರ್ಸ್ ಬೆಂಡಿನಲ್ಲಿ ವರ್ನಾ ಕುಬೇನಾಳ ಬಸ್ಸು ಹತ್ತದೆ ದೊಡ್ಡವರಾದವರು ಕಡಿಮೆ. ಹ್ಯೂಸ್ಟನ್ ನಗರ ನಮ್ಮ ಕಡೆ ತಿರುಗಿಯೂ ನೋಡದಿದ್ದ ಕಾಲದಿಂದ ಆಕೆ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಕಂಚಿನ ಕಂಠ, ಮೂಗಿನ ತುದಿಯಲ್ಲೇ ಸಿಟ್ಟು. ಹಿಂದಿನ ಸೀಟಿನಲ್ಲಿ ಗಲಾಟೆ ಮಾಡಿದವನನ್ನು ಕನ್ನಡಿಯಲ್ಲೊಮ್ಮೆ ಗುರಾಯಿಸಿದರೆ ಸಾಕು, ಅವನು ಊರು ಬರುವ ತನಕ ಉಸಿರೆತ್ತುತ್ತಿರಲಿಲ್ಲ. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಅದಕ್ಕೆ ಯಾರಾದರೂ ಅಯ್ಯೋ ಪಾಪ ಎಂದರೆ, "ಒಂದಿನ ನನ್ನ ಬಸ್ಸಲ್ಲಿ ಬಾ. ಮಕ್ಕಳು ಸಾಕಪ್ಪಾ ಸಾಕು ಅಂತ ನೀನೇ ಕೈ ಮುಗೀತೀಯ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಬಸ್ಸು ಹೊಟ್ಟೆಪಾಡಿಗೆ. ಜೀವ ಇದ್ದದ್ದು ಕೊಟ್ಟಿಗೆಯಲ್ಲಿ. ಹೈಸ್ಕೂಲಿನ ಹಿಂದಿನ ಬಯಲಿನಲ್ಲಿ ತಗಡಿನ ಮಾಡಿನ ಉದ್ದನೆಯ ಕೊಟ್ಟಿಗೆಯೊಂದಿತ್ತು. ಬೇಸಾಯದ ತರಗತಿಯ ಮಕ್ಕಳು ಅಲ್ಲಿ ಹಂದಿ, ಕುರಿ, ಹೋರಿಕರುಗಳನ್ನು ಸಾಕಿ, ಚಳಿಗಾಲದ ಕೊನೆಗೆ ಕೌಂಟಿಯ ಜಾನುವಾರು ಪ್ರದರ್ಶನಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಬೆಳಗಿನ ಸುತ್ತು ಮುಗಿಸಿ ಬಸ್ಸು ನಿಲ್ಲಿಸಿದವಳು ನೇರ ಅಲ್ಲಿಗೇ ಹೋಗುತ್ತಿದ್ದಳು. ಯಾವ ಹಂದಿಗೆ ಕೆಮ್ಮು, ಯಾವ ಹುಡುಗಿ ಅಪ್ಪ ಅಮ್ಮನ ಜಗಳ ತಾಳದೆ ಬಂದು ಕುರಿಯ ಪಕ್ಕ ಕೂತಿದ್ದಾಳೆ, ಎಲ್ಲಾ ಅವಳಿಗೆ ಬೇಕು. ಯಾರೂ ಹೇಳಿದ್ದಲ್ಲ, ಯಾರೂ ಸಂಬಳ ಕೊಟ್ಟದ್ದೂ ಅಲ್ಲ.

ಆಮೇಲೆ ಊರು ಬೆಳೆಯಿತು. ಬೆಳೆಯಿತು ಎಂದರೆ ಏನು, ಉಬ್ಬಿತು. ಭತ್ತದ ಗದ್ದೆಗಳ ಮೇಲೆಲ್ಲ ಒಂದೇ ಅಚ್ಚಿನ ಮನೆಗಳು ಎದ್ದವು. ಆ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘದ ಕಟ್ಟಳೆ ಎಷ್ಟು ಬಿಗಿಯೆಂದರೆ ಹಿತ್ತಲಲ್ಲಿ ಒಂದು ಕೋಳಿ ಸಾಕುವಂತಿಲ್ಲ. ಹಾಗಾಗಿ ಹೊಸಬರ ಮಕ್ಕಳಿಗೆ ಒಂದು ಪ್ರಾಣಿಯ ಮೈ ಸವರಬೇಕೆಂದರೆ ಇದ್ದದ್ದು ಶಾಲೆಯ ಕೊಟ್ಟಿಗೆಯೊಂದೇ. ಶಾಲೆಗಳಲ್ಲಂತೂ ಕಾಲಿಡಲು ಜಾಗವಿರಲಿಲ್ಲ. ಆಟದ ಬಯಲಿನಲ್ಲಿ ಗಾಲಿಯ ಮೇಲೆ ತಂದಿಟ್ಟ ಡಬ್ಬಿಯಂಥ ಕೋಣೆಗಳಲ್ಲಿ ಪಾಠ, ಊಟದ ಸರದಿಗಾಗಿ ಕೆಲವು ಮಕ್ಕಳಿಗೆ ಬೆಳಿಗ್ಗೆ ಹತ್ತೂವರೆಗೇ ಮಧ್ಯಾಹ್ನ.

ಶಾಲಾ ಮಂಡಳಿ ಕೊನೆಗೆ ಬಾಂಡಿನ ಸಾಲ ಎತ್ತಲು ಹೊರಟಿತು. ತೀರಿಸುವುದು ಊರಿನವರ ತೆರಿಗೆಯಿಂದ, ಹಾಗಾಗಿ ಜನರ ಮತ ಬೇಕಿತ್ತು. ಕೊಟ್ಟಿಗೆಯ ಬಯಲಿನಲ್ಲಿ ಹೊಸ ಪ್ರಾಥಮಿಕ ಶಾಲೆ. ಪಶ್ಚಿಮದ ರಸ್ತೆಯಲ್ಲಿ ಇದಕ್ಕಿಂತ ದೊಡ್ಡ ಹೊಸ ಕೊಟ್ಟಿಗೆ. ಕ್ರಿಸ್‌ಮಸ್ ಹೊತ್ತಿಗೆ ಕಚೇರಿಯ ಗೋಡೆಗೆ ನಕ್ಷೆಯೂ ಬಂತು. ಮತಪತ್ರದ ಕರಡಿನಲ್ಲಿ ಎರಡು ಪ್ರಶ್ನೆ, ಒಂದೊಂದಕ್ಕೂ ಬೇರೆಯಾಗಿ ಹೂಂ ಇಲ್ಲವೇ ಉಹೂಂ ಅನ್ನಬೇಕು: ‘ಎ’ಯಲ್ಲಿ ಶಾಲೆಗಳು, ಬಸ್ಸುಗಳು, ಕೊಟ್ಟಿಗೆ. ‘ಬಿ’ಯಲ್ಲಿ ಹೊಸ ಫುಟ್‌ಬಾಲ್ ಕ್ರೀಡಾಂಗಣ. ವರ್ನಾ ಆ ನಕ್ಷೆಯ ಮುಂದೆ ನಿಂತು, ನೀರಿನ ನಲ್ಲಿ ಎಲ್ಲೆಲ್ಲಿ ಬರುತ್ತದೆಂದು ಬೆರಳಿಟ್ಟು ನೋಡಿಕೊಂಡು ಬಂದಳು.

ಫೆಬ್ರುವರಿಯಲ್ಲಿ ಮಂಡಳಿ ಕೊನೆಯ ಸಭೆ ಸೇರಿತು. ಸೇರಿದ್ದು ಯಾವ ವಾರ? ಜಾನುವಾರು ಪ್ರದರ್ಶನದ ವಾರ! ಕೊಟ್ಟಿಗೆಗೆ ಸೇರಿದವರೆಲ್ಲ, ಬೇಸಾಯದ ಮೇಷ್ಟ್ರು ರೂಬೆನ್ ಸಿಫುಯೆಂಟೆಸ್ ಸಮೇತ, ಪ್ರದರ್ಶನದ ಬಯಲಿನಲ್ಲಿ ಹಂದಿ ತೊಳೆಯುತ್ತಿದ್ದರು. ಕ್ರೀಡಾಂಗಣವೊಂದನ್ನೇ ಜನ ಒಪ್ಪಲಾರರು ಎಂಬ ಅಳುಕು ಮಂಡಳಿಗಿತ್ತು. ಅದಕ್ಕೆ ಕೊಟ್ಟಿಗೆಯನ್ನೂ ಗಂಟುಹಾಕಿಬಿಟ್ಟರೆ ಹಳೆಯ ರೈತರ ಮತ ತಾನಾಗಿ ಬರುತ್ತದೆ ಎಂದು ಲೆಕ್ಕ ಹಾಕಿ, ಕೊಟ್ಟಿಗೆಯನ್ನು ‘ಬಿ’ಗೆ ದಾಟಿಸಿದರು. ಮತಪತ್ರದಲ್ಲಿ ಬಂದದ್ದು ‘ಕ್ರೀಡಾಂಗಣ ಹಾಗೂ ಇತರ ಚಟುವಟಿಕೆ ಕಟ್ಟಡಗಳು’ ಎಂದಷ್ಟೆ. ಕೊಟ್ಟಿಗೆಯ ಮೇಲೆ ‘ಎ’ ಎಂದು ಬರೆದಿದ್ದ ಗೋಡೆಯ ನಕ್ಷೆಯನ್ನು ಬದಲಿಸಬೇಕೆಂದಾಗಲಿ, ಕೊಟ್ಟಿಗೆಯವರಿಗೆ ತಿಳಿಸಬೇಕೆಂದಾಗಲಿ ಯಾವ ಪುಣ್ಯಾತ್ಮನಿಗೂ ಹೊಳೆಯಲಿಲ್ಲ.

ವರ್ನಾಳಿಗೆ ಕ್ರೀಡಾಂಗಣದ ಹೆಸರೆತ್ತಿದರೆ ಮೈಯೆಲ್ಲ ಉರಿ. ಶನಿವಾರ ಬಂತೆಂದರೆ ತಾನೇ ಸುಟ್ಟ, ಏಪ್ರಿಕಾಟ್ ಹಣ್ಣು ತುಂಬಿದ ಕೊಲಾಚೆ ಬನ್ನುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮನೆಮನೆಯ ಬಾಗಿಲು ಬಡಿದಳು.

"ಮಕ್ಕಳು ಡಬ್ಬಿ ಒಳಗೆ ಬೇಯ್ತಾ ಪಾಠ ಕೇಳ್ತಾವೆ, ಇವರಿಗೆ ಕ್ರೀಡಾಂಗಣದಲ್ಲಿ ಮನೆಯಷ್ಟೆತ್ತರದ ಟೀವಿ ಪರದೆ ಬೇಕಂತೆ! ‘ಎ’ಗೆ ಹೂಂ ಅನ್ನಿ, ‘ಬಿ’ಗೆ ಉಹೂಂ ಅನ್ನಿ. ಕೊಟ್ಟಿಗೆ ಉಳೀಲಿ."

ಹೊಸಬರು ಕೊಲಾಚೆ ತಿಂದರು, ತಲೆಯಾಡಿಸಿದರು. ಬಸ್ಸಿನ ಮಿಸ್ ವರ್ನಾ ಹೇಳಿದ ಮೇಲೆ ಇನ್ನೇನು?

ಏಪ್ರಿಲಿನಲ್ಲಿ ಒಂದು ದಿನ ಮೇವಿನ ಅಂಗಡಿಯಲ್ಲಿ ಕ್ಲಿಂಟ್ ಡೋಟ್ರಿ ಎದುರಾದ. ಫುಟ್‌ಬಾಲ್ ತಂದೆತಾಯಿಗಳ ಕೂಟದ ಮುಂದಾಳು, ದೊಡ್ಡ ಟ್ರಕ್ಕು, ದೊಡ್ಡ ಬಾಯಿ. ಅವತ್ತು ಮಾತ್ರ ಟೋಪಿ ತೆಗೆದು ಮೆಲ್ಲಗೆ ಮಾತಾಡಿದ.

"ಮಿಸ್ ವರ್ನಾ, ಒಂದ್ಮಾತು. ‘ಬಿ’ ಬೇಡ ಅಂತ ಹೇಳ್ತಾ ಓಡಾಡ್ಬೇಡಿ ಮ್ಯಾಮ್. ನಿಮ್ ಕೊಟ್ಟಿಗೆನೂ ಈಗ ಅದ್ರಲ್ಲೇ ಇದೆ."

ವರ್ನಾ ಮೇವಿನ ಚೀಲವನ್ನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಯಾರ ಕಿವಿ ಮೇಲೆ ಹೂ ಇಡ್ತೀಯೋ ಕ್ಲಿಂಟ್? ನೀನು ಚಿಕ್ಕೋನಿದ್ದಾಗ ಚಡ್ಡಿ ಒದ್ದೆ ಮಾಡ್ಕೊಂಡು ನನ್ನ ಬಸ್ಸಲ್ಲಿ ಅಳ್ತಾ ಕೂತಿದ್ದೆ, ಅವತ್ತೂ ‘ನೀರು ಚೆಲ್ತು’ ಅಂತ ಸುಳ್ಳೇ ಹೇಳಿದ್ದೆ!"

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಲಿಂಟನ ಮುಖ ಕೆಂಪೇರಿತು. "ದೇವರಾಣೆ ಮ್ಯಾಮ್, ಕಚೇರಿಗೆ ಒಂದ್ ಫೋನ್ ಮಾಡಿ ಕೇಳಿ" ಎಂದ.

"ಮಾಡ್ತೀನಿ ಮಾಡ್ತೀನಿ, ನಿನ್ನ ಟೀವಿ ಪರದೆ ಬಂದ್ಮೇಲೆ ಮಾಡ್ತೀನಿ" ಎಂದು ಚೀಲ ಹೊತ್ತುಕೊಂಡು ಹೊರಟಳು. ಫೋನು ಮಾಡಲಿಲ್ಲ. ಯಾಕೆ ಮಾಡಬೇಕು? ನಕ್ಷೆಯನ್ನು ಕಣ್ಣಾರೆ ನೋಡಿದ್ದಳಲ್ಲ! ಆ ವಾರ ಎರಡು ಬೀದಿ ಹೆಚ್ಚಾಗಿಯೇ ಸುತ್ತಿದಳು.

ಮೇ ತಿಂಗಳಲ್ಲಿ ಮತದಾನವಾಯಿತು. ‘ಎ’ ಸಲೀಸಾಗಿ ಗೆದ್ದಿತು. ‘ಬಿ’ ನೂರು ಚಿಲ್ಲರೆ ಮತಗಳಿಂದ ಸೋತಿತು. ವರ್ನಾ ಕೊಟ್ಟಿಗೆಗೆ ಬಂದವಳು ಹಂದಿಗಳಿಗೆಲ್ಲ ಒಂದೊಂದು ಹಿಡಿ ಹೆಚ್ಚಿಗೆ ಹಾಕಿ, ಹಾಡಿಕೊಳ್ಳುತ್ತ ನೆಲ ತೊಳೆಯುತ್ತಿದ್ದಳು. ಆಗ ರೂಬೆನ್ ಮೇಷ್ಟ್ರು ಬಂದ.

"ಮಿಸ್ ವರ್ನಾ, ಸ್ವಲ್ಪ ಕೂತ್ಕೊಳ್ಳಿ."

"ಹಂದಿ ಸತ್ತಿದ್ಯೇನಪ್ಪ? ಹೇಳು."

"ಕೊಟ್ಟಿಗೆ ‘ಬಿ’ಯಲ್ಲಿತ್ತಂತೆ. ಪ್ರಿನ್ಸಿಪಾಲರು ಈಗ ಹೇಳಿದ್ರು. ನಂಗೂ ಗೊತ್ತಿರ್ಲಿಲ್ಲ. ಈ ಬೇಸಿಗೆಗೆ ಇದನ್ನ ಕೆಡವ್ತಾರೆ. ಹೊಸದು... ಹೊಸದು ಇಲ್ಲ."

ನೀರಿನ ಕೊಳವೆ ಅವಳ ಕೈಯಲ್ಲೇ ಇತ್ತು. ಬೂಟಿನೊಳಗೆ ನೀರು ತುಂಬುತ್ತಿದ್ದರೂ ಅವಳಿಗೆ ಗೊತ್ತಾಗಲಿಲ್ಲ. ಕೊನೆಗೆ ರೂಬೆನ್ನನೇ ಹೋಗಿ ನಲ್ಲಿ ನಿಲ್ಲಿಸಿದ.

"ಕ್ಲಿಂಟ್ ಹೇಳಿದ್ದ ಕಣೋ," ಎಂದಳು. "ಬಾಯಿ ಬಿಟ್ಟು ಹೇಳಿದ್ದ. ಎಲ್ಲರ ಮುಂದೆ ಅವನ ಮಾನ ತೆಗೆದು ಕಳಿಸಿದೆ."

ಮಂಡಳಿಯ ಮುಂದಿನ ಸಭೆಗೆ ಹೋದಳು. ಅಲ್ಲಿ ಯಾರು ಬೇಕಾದರೂ ಮೈಕಿನ ಮುಂದೆ ಮೂರು ನಿಮಿಷ ಮಾತಾಡಬಹುದು. ಮುಗಿದಾಗ ಕೆಂಪು ದೀಪ ಹತ್ತುತ್ತದೆ. ಜೀವಮಾನವೆಲ್ಲ ಮಕ್ಕಳನ್ನು ಗದರಿಸಿದ ಕಂಠ ಅವತ್ತು ನಡುಗಿತು. "ತಪ್ಪು ನಂದು. ಜನ ಕೊಟ್ಟಿಗೆ ಬೇಡ ಅಂದಿದ್ದಲ್ಲ, ನಾನು ಹೇಳಿದ್ದಕ್ಕೆ ‘ಬಿ’ಗೆ ಉಹೂಂ ಅಂದ್ರು. ಕೊಟ್ಟಿಗೆ ಉಳೀಲಿ ಅಂತಾನೇ ಅಂದ್ರು. ಒಂದು ತಗಡಿನ ಮಾಡು ಹಾಕ್ಕೊಡಿ ಸಾಕು, ಉಳಿದದ್ದು ನಾವೇ ಮಾಡ್ಕೋತೀವಿ."

ಅಧ್ಯಕ್ಷೆ ಒಳ್ಳೆಯ ಹೆಂಗಸು. ಕಣ್ಣಲ್ಲಿ ಮರುಕವೂ ಇತ್ತು. "ನಿಮ್ ಸಂಕಟ ಅರ್ಥ ಆಗುತ್ತೆ ಮಿಸ್ ವರ್ನಾ. ಆದ್ರೆ ಜನ ಮತ ಹಾಕಿ ಬೇಡ ಅಂದದ್ದನ್ನ ನಾವು ಯಾವ ಮುಖ ಇಟ್ಕೊಂಡು ಕಟ್ಟೋಣ ಹೇಳಿ" ಎಂದಳು. ಕೆಂಪು ದೀಪ ಹತ್ತಿತು. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಬೇಸಿಗೆಯಲ್ಲಿ ಪ್ರಾಣಿಗಳು ಹೋದವು. ಹೊಲ ಉಳಿಸಿಕೊಂಡಿದ್ದ ಬೆರಳೆಣಿಕೆಯ ಮನೆಯವರು ತಮ್ಮವನ್ನು ಹೊಡೆದುಕೊಂಡು ಹೋದರು. ಬಡಾವಣೆಯ ಮಕ್ಕಳವು ಸಂತೆಗೆ ಹೋದವು. ಒಬ್ಬ ಹುಡುಗಿ ತನ್ನ ಕುರಿಯನ್ನು ಲಾರಿಗೆ ಹತ್ತಿಸಿ, ವರ್ನಾಳ ಮುಂದೆ ಬಂದು ನಿಂತಳು. "ನಮ್ಮಮ್ಮ ಎರಡಕ್ಕೂ ಹೂಂ ಅನ್ನೋಳಿದ್ಲು ಮಿಸ್ ವರ್ನಾ. ನಾನೇ ಹಟ ಹಿಡಿದು ಬದಲಾಯಿಸ್ದೆ, ನೀವು ಹೇಳಿದ್ರಿ ಅಂತ." ಅವಳ ದನಿಯಲ್ಲಿ ದೂರು ಇರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ರೂಬೆನ್ ಮೇಷ್ಟ್ರು ಬೇರೆ ಕೌಂಟಿಯಲ್ಲಿ ಕೆಲಸ ಹಿಡಿದ. ಬೇಸಾಯದ ತರಗತಿಯ ಜಾಗಕ್ಕೆ ಕಂಪ್ಯೂಟರಿನಲ್ಲಿ ಚಿತ್ರ ಮಾಡುವ ತರಗತಿ ಬಂತು.

ಕೊಟ್ಟಿಗೆಯ ಬಯಲಿನಲ್ಲಿ ಹೊಸ ಶಾಲೆ ಎದ್ದಿತು. ಊರಿಗಾಗಿ ದುಡಿದವರ ಹೆಸರನ್ನು ಶಾಲೆಗಿಡುವುದು ನಮ್ಮ ಕಡೆಯ ವಾಡಿಕೆ. ‘ಎ’ಯನ್ನು ಗೆಲ್ಲಿಸಲು ಯಾರು ಮನೆಮನೆ ತಿರುಗಿದರು? ಮಂಡಳಿ ಒಂದೇ ದನಿಯಲ್ಲಿ ವರ್ನಾ ಕುಬೇನಾ ಪ್ರಾಥಮಿಕ ಶಾಲೆ ಎಂದಿತು. ಬೇಡ, ದಯವಿಟ್ಟು ಬೇಡ ಎಂದು ಅವಳು ಅಧ್ಯಕ್ಷೆಯ ಕೈ ಹಿಡಿದುಕೊಂಡಳು. ಇದು ವಿನಯ ಎಂದುಕೊಂಡರು ಅವರು. ಎಂಥ ದೊಡ್ಡ ಮನಸ್ಸು ಎಂದು ಪತ್ರಿಕೆಯಲ್ಲಿ ಬರೆದರು. ಅವಳು ಕೆಲಸ ಬಿಡುತ್ತಿದ್ದಳೇನೋ. ಆದರೆ ಬಿಟ್ಟು ಬೆಳಿಗ್ಗೆ ಎದ್ದು ಹೋಗುವುದೆಲ್ಲಿಗೆ?

ಶಾಲೆ ಶುರುವಾದ ದಿನ ಅವಳ ಬಸ್ಸೇ ಮೊದಲು ಅಲ್ಲಿಗೆ ಹೋಯಿತು. ಮಕ್ಕಳನ್ನು ಇಳಿಸಿ ಬಾಗಿಲು ಹಾಕಿದಳು. ಅಷ್ಟರಲ್ಲಿ ಎಳೆ ವಯಸ್ಸಿನ ಶಿಕ್ಷಕಿಯೊಬ್ಬಳು ಒಂದನೆಯ ತರಗತಿಯವರನ್ನೆಲ್ಲ ಬಸ್ಸಿನ ಮುಂದೆ ಸಾಲಾಗಿ ನಿಲ್ಲಿಸಿದಳು. "ನೋಡಿ ಮಕ್ಕಳೇ, ನಮ್ಮ ಶಾಲೆ ಹೆಸರು ಇವರದ್ದೇ. ಇಲ್ಲಿ ಈ ಶಾಲೆ ಬಂದಿದ್ದೇ ಇವರಿಂದ. ಎಲ್ಲರೂ ಏನು ಹೇಳ್ಬೇಕು?"

ವರ್ನಾ ಗೇರಿಗೆ ಕೈ ಹಾಕಿದಳು. ಮುಂದೆ ಮಕ್ಕಳು, ಹಿಂದೆ ರಸ್ತೆಯ ತನಕ ಕಾರುಗಳ ಸಾಲು. ಬಸ್ಸು ಕದಲುವಂತಿರಲಿಲ್ಲ. ಕೈಯನ್ನು ಸ್ಟೇರಿಂಗಿನ ಮೇಲಿಟ್ಟುಕೊಂಡು, ಅಷ್ಟೂ ಮಕ್ಕಳು ಕೊರಳೆತ್ತಿ ಹೇಳಿದ ಥ್ಯಾಂಕ್ಯೂವನ್ನು ಕೂತು ಕೇಳಿಸಿಕೊಂಡಳು.