ಈಥೆಲ್‌ಳ ಪದಕಕ್ಕೆ ಪಿನ್ ಹಾಕಿದ ಭಾನುವಾರ

ಪಕ್ಕದ ಮನೆಯ ಡೊರೊತಿ ಅಜ್ಜಿ ಫೋನ್ ಮಾಡಿ, "ನಾಳೆ ಬೆಳಿಗ್ಗೆ ಸ್ವಲ್ಪ ಬರ್ತೀಯಾ? ಪದಕ ಹಾಕ್ಕೋಬೇಕು, ಬೆರಳು ಬಗ್ಗೋದೇ ಇಲ್ಲ" ಎಂದಾಗ ನನಗೆ ಫಕ್ಕನೆ ಒಂದು ಕುತಂತ್ರ ಹೊಳೆಯಿತು. ಮಗಳನ್ನೂ ಕರೆದುಕೊಂಡು ಹೋಗಬೇಕು. ಅಲ್ಲಿ ಅವಳಿಗೆ ಚೆನ್ನಾಗಿ ಹೆದರಿಕೆ ಹುಟ್ಟಿಸಬೇಕು.

ತಾಯಿಯಾದವಳು ಹೀಗೂ ಯೋಚಿಸುತ್ತಾಳಾ ಎಂದು ಬೈಯಬೇಡಿ. ಮೊದಲು ನನ್ನ ಸಂಕಟ ಕೇಳಿ.

ಮಗಳು ಅಪೂರ್ವ ಇಲ್ಲೇ ಎಜ್‌ಬಾಸ್ಟನ್ನಿನ ಆಸ್ಪತ್ರೆಯಲ್ಲಿ ನರ್ಸ್. (ಡಾಕ್ಟರ್ ಆಗು ಎಂದು ನಾವು ಬಡಕೊಂಡಿದ್ದಾಯಿತು. ಆ ಕಥೆ ಬಿಡಿ.) ಹೋದ ವರ್ಷ ನಮಗೆ ಒಂದು ಮಾತೂ ಹೇಳದೆ ಬ್ರಿಟಿಷ್ ಸೈನ್ಯದ ಮೀಸಲು ಪಡೆಗೆ ವಾಲಂಟಿಯರ್ ನರ್ಸ್ ಆಗಿ ಸೇರಿಕೊಂಡಳು. ವೀಕೆಂಡಿನಲ್ಲಿ ಟ್ರೈನಿಂಗ್, ನಮ್ಮ ಕಾಲದ ಎನ್‌ಸಿಸಿ ಥರ ಇರಬೇಕು ಎಂದುಕೊಂಡೆ. ಈಗ ಟಿವಿ ಹಾಕಿದರೆ ಇರಾಕ್, ಪೇಪರ್ ತೆಗೆದರೆ ಇರಾಕ್. ಯುದ್ಧ ಶುರುವಾದರೆ ಇವಳಂಥವರನ್ನೂ ಕರೆಸಿಕೊಳ್ಳುತ್ತಾರಂತೆ!

ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತದೆ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತೇನೆ. ಬೇಡ ಕಣೇ ಎಂದರೆ, "ಅಮ್ಮಾ, ಐ ಸೈನ್ಡ್ ಅಪ್ ಫಾರ್ ಇಟ್" ಎಂದು ಮುಂದಿನ ವಾರದ ಡ್ಯೂಟಿ ರೋಟಾ ನೋಡುತ್ತಾ ಕೂರುತ್ತಾಳೆ. ಈ ದೇಶದ ಮಾರ್ಟ್‌ಗೇಜ್ ನಮ್ಮದು, ಕೌನ್ಸಿಲ್ ಟ್ಯಾಕ್ಸ್ ನಮ್ಮದು, ಒಪ್ಪಿದೆ. ಯುದ್ಧವೂ ನಮ್ಮ ಮನೆಯದೇ ಆಗುತ್ತದೆ ಎಂದು ಯಾರಾದರೂ ಹೇಳಿದ್ದರಾ?

ಡೊರೊತಿಗೆ ಎಂಬತ್ತು ದಾಟಿದೆ. ಮೊದಲ ಮಹಾಯುದ್ಧದಲ್ಲಿ ಅವರ ಅಮ್ಮ ಮತ್ತು ಇಬ್ಬರು ದೊಡ್ಡಮ್ಮಂದಿರು, ಒಂದೇ ಮನೆಯ ಮೂವರು ಹುಡುಗಿಯರು, ತಾವಾಗಿಯೇ ಮುಂದೆ ಬಂದು ನರ್ಸುಗಳಾಗಿ ಫ್ರಾನ್ಸಿಗೆ ಹೋಗಿದ್ದರು. ಪದಕ ಮೂವರಿಗೂ ಬಂತು. ವಾಪಸ್ ಬಂದವರು ಇಬ್ಬರೇ. ನವೆಂಬರಿನಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯುವ ಭಾನುವಾರ ಬರುತ್ತದಲ್ಲ, ಅವತ್ತು ಡೊರೊತಿ ಒಂದೊಂದು ವರ್ಷ ಒಬ್ಬೊಬ್ಬರ ಪದಕ ಹಾಕಿಕೊಂಡು ಚರ್ಚಿಗೆ ಹೋಗುತ್ತಾರೆ. ಈ ವರ್ಷ ಬಾರದೇ ಹೋದ ಈಥೆಲ್‌ಳ ಸರದಿ.

ನನಗೆ ಬೇಕಾಗಿದ್ದೂ ಅವಳೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೋಗಬೇಡ ಎಂದು ನಾನು ಹೇಳಬೇಕಿಲ್ಲ, ಈಥೆಲ್ ಹೇಳುತ್ತಾಳೆ.

"ಅವಳಿಗೆ ಏನಾಯ್ತು ಅಂತ ಇವಳಿಗೆ ಹೇಳಿ. ಪೂರ್ತಿ ಹೇಳಿ" ಎಂದು, ಭಾನುವಾರ ಬೆಳಿಗ್ಗೆ ಮಗಳೊಡನೆ ಅವರ ಮನೆಗೆ ಹೋದವಳೇ ಡೊರೊತಿಯ ಕಿವಿಯಲ್ಲಿ ಪಿಸುಗುಟ್ಟಿದೆ.

ಹೇಳಿದರು. ಗಾಯಾಳುಗಳ ವಾರ್ಡಿನಲ್ಲಿ ಜ್ವರ ಹಬ್ಬಿದ್ದು. ಒಳಗೆ ಕಾಲಿಡಲು ಎಲ್ಲರೂ ಹಿಂಜರಿದಾಗ ಈಥೆಲ್ ಹೋಗಿದ್ದು. ಅವಳಿಗೂ ಅಂಟಿ, ಅಲ್ಲೇ ಮಣ್ಣಾಗಿದ್ದು. ಕೇಳುತ್ತಾ ಕೇಳುತ್ತಾ ಹೆದರಿದವಳು ನಾನೇ. ಮಗಳ ಮುಖ ನೋಡಿದೆ. ಕಣ್ಣರಳಿಸಿ ಕೂತಿದ್ದಾಳೆ ಮಹರಾಯ್ತಿ!

"ಆಗ ಈಥೆಲ್‌ನ ಯಾರು ನೋಡ್ಕೊಂಡ್ರು?" ಎಂದಳು.

"ಅವಳ ತಂಗಿ. ನಮ್ಮಮ್ಮ."

"ಸದ್ಯ, ಒಬ್ಬರಾದ್ರೂ ಇದ್ರಲ್ಲ. ಅದಕ್ಕೇ ನಾವು ಹೋಗ್ಬೇಕಾಗಿರೋದು" ಎಂದಳು.

ಮುಗಿಯಿತು. ಹೆದರಿಸಲು ಕರೆತಂದವಳಿಗೆ ಕೈಯಾರೆ ಧೈರ್ಯ ತುಂಬಿಸಿದ್ದೆ. ಇಂಥ ಬುದ್ಧಿ ಯಾರಿಗುಂಟು ಯಾರಿಗಿಲ್ಲ?

ಪದಕ ಕೈಗೆತ್ತಿಕೊಂಡೆ. ಅದರ ಅಂಚಿನಲ್ಲಿ ಪುಟ್ಟ ಅಕ್ಷರಗಳಲ್ಲಿ ಈಥೆಲ್‌ಳ ಹೆಸರು. ಡೊರೊತಿಯ ಕೋಟಿನ ಬಲಗಡೆಗೆ ಪಿನ್ ಹಾಕಿದೆ. (ನಮಗೆ ಒಳ್ಳೆಯದೆಲ್ಲ ಬಲಗಡೆಯೇ ತಾನೇ? ಹೊಸ್ತಿಲಿಗೆ ಬಲಗಾಲು, ಪ್ರಸಾದಕ್ಕೆ ಬಲಗೈ.)

"ಅರೆ, ಈ ಪದ್ಧತಿ ನಿನಗೆ ಹೇಗೆ ಗೊತ್ತು?" ಎಂದು ಡೊರೊತಿಗೆ ಆಶ್ಚರ್ಯ.

"ನಮ್ಮಲ್ಲಿ ಬಲಗಡೆ ಶುಭ" ಎಂದೆ, ಸ್ವಲ್ಪ ಜಂಬದಿಂದಲೇ.

"ಇಲ್ಲಿ ಹಾಗಲ್ಲಮ್ಮ" ಎಂದರು ಮೆಲ್ಲಗೆ. "ಪದಕ ಪಡೆದವರು ತಾವೇ ಹಾಕ್ಕೊಂಡ್ರೆ ಎಡಗಡೆ. ಅವರು ಹೋದ್ಮೇಲೆ ಮನೆಯವರು ಹಾಕ್ಕೊಂಡ್ರೆ ಬಲಗಡೆ. ಇದನ್ನ ಮೊದಲು ಹಾಕ್ಕೊಂಡಿದ್ದು ನಮ್ಮಜ್ಜಿ. ಈಥೆಲ್‌ನ ಅಮ್ಮ."

ಅಮ್ಮ! ಮೂವರು ಹೆಣ್ಣುಮಕ್ಕಳನ್ನು ಕಳಿಸಿ ಬಾಗಿಲು ಹಾಕಿಕೊಂಡ ಆ ಹೆಂಗಸು ದಿನಾ ಹೇಗೆ ಒಲೆ ಹಚ್ಚಿದಳು? ಹೇಗೆ ನಿದ್ದೆ ಮಾಡಿದಳು? ಹೋದವರ ಧೈರ್ಯವನ್ನು ಊರೆಲ್ಲ ಹೊಗಳುತ್ತದೆ. ಮನೆಯಲ್ಲಿ ಕೂತು ಹೆದರುವವರನ್ನು ಪುಕ್ಕಲರು ಎನ್ನುತ್ತದೆ. ನಾನು ಪುಕ್ಕಲಿಯೇ. ನನಗೆ ಭಯವಾಗುತ್ತದೆ, ಈಗಲೂ, ಇದನ್ನು ಬರೆಯುವಾಗಲೂ.

ಅಪೂರ್ವ ಡೊರೊತಿಯ ಕೈ ಹಿಡಿದುಕೊಂಡು ಚರ್ಚಿನ ಕಡೆ ಹೊರಟಳು. ನಾನು ಹಿಂದೆ ಹಿಂದೆ. ಇವಳನ್ನು ತಡೆಯುವುದು ನನ್ನಿಂದಾಗದು, ಅದು ಖಾತ್ರಿಯಾಯಿತು. ನಮ್ಮ ದೇವರಲ್ಲದಿದ್ದರೂ ಅಲ್ಲೇ ಕೈಮುಗಿದು ಬೇಡಿಕೊಂಡೆ.

ಪದಕ ಬಂದರೆ ಬರಲಿ ತಂದೆ, ಅವಳೇ ಹಾಕಿಕೊಳ್ಳಲಿ, ಎಡಗಡೆಗೆ.